ಒಡೆಯನಿಲ್ಲದ ಪೆಟ್ಟಿಗೆ

1985ನೆಯ ಇಸವಿಯ ಜೂನ್ 22ರಂದು ಕೆನಡಾದ ವ್ಯಾಂಕೂವರ್ ವಿಮಾನನಿಲ್ದಾಣದಲ್ಲಿ, ದಿಲ್ಲಿಯ ವಿಮಾನದಲ್ಲಿ ತನಗಿನ್ನೂ ಸ್ಥಳ ನಿಶ್ಚಯವಾಗದಿದ್ದರೂ ತನ್ನ ಪೆಟ್ಟಿಗೆಯನ್ನು ಮಾತ್ರ ನೇರವಾಗಿ ದಿಲ್ಲಿಗೇ ಕಳುಹಿಸಬೇಕೆಂದು ಪ್ರಯಾಣಿಕನೊಬ್ಬನು ಹಟ ಹಿಡಿದಾಗ, ಮೊದಲು ಒಪ್ಪದಿದ್ದ ಕೌಂಟರಿನ ಸಿಬ್ಬಂದಿಯು ಅವನ ಬೆನ್ನ ಹಿಂದೆ ಬೆಳೆಯುತ್ತಿದ್ದ ಜನರ ಸಾಲನ್ನು ಕಂಡು ಕಡೆಗೆ ಮಣಿದು ಚೀಟಿ ಕಟ್ಟಿಕೊಟ್ಟರು. ಪೆಟ್ಟಿಗೆ ವಿಮಾನವನ್ನೇರಿತು; ಅದರ ಒಡೆಯನು ಏರಲಿಲ್ಲ. ಟೊರಾಂಟೊದಲ್ಲಿ ಅದು ಒಂದು ಸಂಸ್ಥೆಯ ವಿಮಾನದಿಂದಿಳಿದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನದ ಹೊಟ್ಟೆಯನ್ನು ಸೇರಿದಾಗ, ಈ ಸಾಮಾನಿನವನು ಎಲ್ಲಿ ಎಂದು ಕೇಳಿದವರಿಲ್ಲ. ಅಂದೇ ಅಲ್ಲಿನ ಎಕ್ಸ್-ರೇ ಯಂತ್ರವೂ ಕೆಟ್ಟುನಿಂತು, ಕೈಯಲ್ಲಿ ಹಿಡಿದು ಆಡಿಸುವ ಸಣ್ಣದೊಂದು ಉಪಕರಣದ ಮೇಲೆ ತಪಾಸಣೆಯ ಭಾರವೆಲ್ಲ ಬಿದ್ದಿತ್ತು. ಮರುದಿನ ಬೆಳಗ್ಗೆ ಐರ್ಲೆಂಡಿನ ತೀರದಾಚೆ, 31,000 ಅಡಿಗಳ ಎತ್ತರದಲ್ಲಿ ವಿಮಾನವು ಸಿಡಿದು, ಅದರಲ್ಲಿದ್ದ 329 ಮಂದಿಯೂ ಗತಿಸಿದರು. ವ್ಯಾಂಕೂವರಿನಿಂದಲೇ ಹೊರಟಿದ್ದ ಇನ್ನೊಂದು ಒಂಟಿ ಪೆಟ್ಟಿಗೆಯು ಜಪಾನಿನ ನಾರಿಟಾದಲ್ಲಿ ಆಸ್ಫೋಟಿಸಿ ಇಬ್ಬರು ಕೂಲಿಗಾರರ ಪ್ರಾಣವನ್ನು ತೆಗೆದುಕೊಂಡಿತು.

ಅಟ್ಲಾಂಟಿಕ್ ಸಾಗರವನ್ನು ದಾಟುವ ಮುನ್ನ ‘ಕನಿಷ್ಕ’ವು ಕಡೆಯ ಸಲ ನೆಲ ಮುಟ್ಟಿದ್ದು ಮಾಂಟ್ರಿಯಲ್ಲಿನಲ್ಲಿ. ಜಗತ್ತಿನ ವಿಮಾನಯಾನಕ್ಕೆ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕೇಂದ್ರಸ್ಥಾನವೂ ಅದೇ ನಗರ. ವಿಮಾನರಕ್ಷಣೆಗೆಂದೇ ಮೀಸಲಾದ ಹದಿನೇಳನೆಯ ಅನುಬಂಧವನ್ನು ಆ ಸಂಸ್ಥೆಯು 1974ರಲ್ಲಿಯೇ ಅಂಗೀಕರಿಸಿದ್ದಿತು. ಈ ದುರಂತದ ಅನಂತರ, ಪ್ರಯಾಣಿಕನಿಗೂ ಅವನ ಸಾಮಾನಿಗೂ ತಾಳೆ ನೋಡಬೇಕೆಂಬ ವಿಧಿಯು ಬಿಗಿಯಾಯಿತು. ಆದರೂ ಮೂರೂವರೆ ವರ್ಷಗಳಲ್ಲಿಯೇ, 1988ರ ಡಿಸೆಂಬರ್ 21ರಂದು, ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ 270 ಜೀವಗಳನ್ನು ಬಲಿಗೊಂಡ ಬಾಂಬು ಸಹ ಒಡೆಯನಿಲ್ಲದ ಪೆಟ್ಟಿಗೆಯಲ್ಲಿಯೇ ಮಾಲ್ಟಾದಿಂದ ಹೊರಟು ಫ್ರಾಂಕ್‌ಫರ್ಟಿನ ಮಾರ್ಗವಾಗಿ ಬಂದಿತೆಂದು ನ್ಯಾಯಾಲಯವು ನಿರ್ಣಯಿಸಿತು. ಗ್ರಂಥದಲ್ಲಿ ನಿಯಮವು ಸೇರಿದ ಮಾತ್ರಕ್ಕೆ ಅದು ಎಲ್ಲ ನಿಲ್ದಾಣಗಳ ನೆಲದ ಮೇಲೆ ಒಂದೇ ದಿನ ನಡೆದಾಡಲಾರದಷ್ಟೆ.

ದಕ್ಷತೆಯೆಂದರೆ ಸಾಲನ್ನು ಬೇಗ ಕರಗಿಸುವುದೆಂದೂ, ರಕ್ಷಣೆಯೆಂದರೆ ಜನರನ್ನು ಮತ್ತೆ ಮತ್ತೆ ತಡವಿ ನೋಡುವುದೆಂದೂ ಭಾವಿಸಿ ಇವೆರಡನ್ನೂ ಪರಸ್ಪರ ವಿರೋಧಿಗಳೆಂದು ಬಗೆಯುವವರು ಬಹುಮಂದಿ. ನನಗೆ ಹಾಗೆ ತೋರದು. ಅಪಾಯವು ನುಸುಳಿದುದು ಒಂದು ಕೈಯಿಂದ ಇನ್ನೊಂದು ಕೈಗೆ ಸಾಮಾನು ದಾಟುವ ಸಂಧಿಯಲ್ಲಿ. ಆ ಸಂಧಿಯನ್ನು ಮುಚ್ಚುವ ಉಪಾಯವು ಕೆಲಸವನ್ನೂ ಚುರುಕುಗೊಳಿಸುವುದು. ವಿಮಾನಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವು 2018ರ ಜೂನಿನಿಂದ ಜಾರಿಗೆ ತಂದ ನಿರ್ಣಯದಂತೆ, ಪೆಟ್ಟಿಗೆಯನ್ನು ಪ್ರಯಾಣಿಕನಿಂದ ಪಡೆದಾಗ, ವಿಮಾನಕ್ಕೆ ತುಂಬಿದಾಗ, ಬೇರೊಂದು ವಿಮಾನಕ್ಕೆ ವರ್ಗಾಯಿಸಲು ಒಪ್ಪಿಸಿದಾಗ, ಕಡೆಗೆ ಅದರವನ ಕೈಗೆ ಹಿಂದಿರುಗಿಸಿದಾಗ, ಹೀಗೆ ನಾಲ್ಕೂ ಘಟ್ಟಗಳಲ್ಲಿ ಅದರ ಗುರುತು ದಾಖಲಾಗಬೇಕು. ಕಳೆದುಹೋದ ಪೆಟ್ಟಿಗೆಯನ್ನು ಹುಡುಕಲು ಒದಗುವ, ಅದಕ್ಕೆ ಕಟ್ಟಿದ ಗೆರೆಚೀಟಿಯೇ (ಬಾರ್‌ಕೋಡ್) ಒಂಟಿ ಪೆಟ್ಟಿಗೆಯನ್ನೂ ತೋರಿಸಿಕೊಡಬಲ್ಲುದು.

ಕೆಲಸವನ್ನು ಚುರುಕುಗೊಳಿಸುವ ಇನ್ನೊಂದು ಉಪಾಯವಾಗಿ, ಒಂದೆಡೆ ಪರೀಕ್ಷಿಸಿದ ಸಾಮಾನನ್ನು ದಾರಿಯ ನಿಲ್ದಾಣದಲ್ಲಿ ಪುನಃ ಪರೀಕ್ಷಿಸದಿರುವ ಪದ್ಧತಿಯು ಐರೋಪ್ಯ ಒಕ್ಕೂಟದೊಳಗೆ ರೂಢಿಯಲ್ಲಿದೆ; 2011ರಿಂದ ಅಮೆರಿಕದ ನಿಲ್ದಾಣಗಳ ತಪಾಸಣೆಯನ್ನೂ ಆ ಒಕ್ಕೂಟವು ಮಾನ್ಯ ಮಾಡಿತು. ಇಂಥ ಮಾನ್ಯತೆಯು ಕೇವಲ ಸೌಜನ್ಯದಿಂದ ಹುಟ್ಟಲಾರದು, ಹುಟ್ಟಲೂಬಾರದು. ಒಂದು ದೇಶದ ವ್ಯವಸ್ಥೆಯನ್ನು ಹೊರಗಿನ ಕಣ್ಣುಗಳು ಬಂದು ಒರೆಗೆ ಹಚ್ಚಿ ನೋಡಬೇಕು. ಮಾಂಟ್ರಿಯಲ್ಲಿನ ಸಂಸ್ಥೆಯು 2002ರಲ್ಲಿ ಇಂಥ ಪರಿಶೋಧನೆಯನ್ನು ಆರಂಭಿಸಿತಾದರೂ ಅದು 1985ಕ್ಕೆ ಹದಿನೇಳು ವರ್ಷ ತಡವಾಗಿ ಬಂದಿತೆಂಬ ವ್ಯಥೆಯನ್ನು ನಾನು ಮರೆಮಾಚಲಾರೆ.

ಇಂದು ವಿಮಾನವು ಹೊರಡಲು ಸಿದ್ಧವಾಗಿ ನಿಂತಿರುವಾಗ, ಚೀಟಿ ಪಡೆದೂ ಬಾರದ ಪ್ರಯಾಣಿಕನೊಬ್ಬನ ಪೆಟ್ಟಿಗೆಗಾಗಿ ಕೆಲಸಗಾರರು ಮತ್ತೆ ಬಾಗಿಲು ತೆರೆದು, ಪೇರಿಸಿದ ಸಾಮಾನುಗಳನ್ನೆಲ್ಲ ಸರಿಸಿ, ಅದೊಂದನ್ನು ಹುಡುಕಿ ಕೆಳಗಿಳಿಸುವವರೆಗೂ ಒಳಗಿರುವ ಇನ್ನೂರು ಮಂದಿ ಕಾಯುತ್ತಾರೆ.