ಹೈಸ್ಕೂಲಿನ ಇಂಜಿನ್ ಎಲ್ಲಿದೆ?

ಹೈಸ್ಕೂಲ್ ನಡೆಸೋರು ಬರೀ ಮೇಷ್ಟ್ರುಗಳಾ?

ಭಟ್ಕಳ, ಹೊನ್ನಾವರ, ಕುಮಟಾ…
ಯಾವುದಾದ್ರೂ ಸರ್ಕಾರಿ ಹೈಸ್ಕೂಲಿನ ಅಡುಗೆಕೋಣೆಗೆ ಬನ್ನಿ.

ಒಬ್ಬ ವಿದ್ಯಾರ್ಥಿಗೆ ದಿನಕ್ಕೆ 150 ಗ್ರಾಂ ಅಕ್ಕಿ.
200 ಮಕ್ಕಳಿದ್ರೆ?
30 ಕೆಜಿ!
ತೊಳೀಬೇಕು, ಬೇಯಿಸ್ಬೇಕು,
ಸಾಂಬಾರು ಕುದಿಸ್ಬೇಕು,
ಬಡಿಸೋ ಮೊದಲು ರುಚಿ ನೋಡ್ಬೇಕು.
ಎಲ್ಲಾ ಊಟದ ಬೆಲ್ ಹೊಡೆಯೋದ್ರೊಳಗೆ.

ಇನ್ನು ಆಫೀಸು.
ಟಿಸಿ, ಸ್ಕಾಲರ್‌ಶಿಪ್, ಎಸ್ಸೆಸ್ಸೆಲ್ಸಿ ನೋಂದಣಿ…
ಗುಮಾಸ್ತರ ಟೇಬಲ್ ದಾಟಿಯೇ ಹೋಗ್ಬೇಕು.
ಹೆಸರಲ್ಲಿ ಒಂದಕ್ಷರ ತಪ್ಪಿದ್ರೆ
ಮಾರ್ಕ್ಸ್ ಕಾರ್ಡಲ್ಲೂ ತಪ್ಪು!

ಅಡುಗೆಯವರು, ಗುಮಾಸ್ತರು… ಇವರೆಲ್ಲ ಮೀನಿನ ಬೋಟಿನ ಇಂಜಿನ್ ಇದ್ದ ಹಾಗೆ.
ದಡದಿಂದ ಕಾಣಲ್ಲ.
ಕೆಟ್ಟು ನಿಂತ್ರೆ, ಬೋಟೇ ನಿಂತ್ಹೋಗುತ್ತೆ.

ಊಟದ ಬಗ್ಗೆ ಇನ್ನೊಂದು ವಿಷಯ ಗೊತ್ತಾ?
ಕೇಂದ್ರದ ಬಿಸಿಯೂಟ ಯೋಜನೆ ಎಂಟನೇ ಕ್ಲಾಸಿಗೇ ಮುಗಿಯುತ್ತೆ.
9, 10ನೇ ಕ್ಲಾಸಿನ ಊಟದ ಖರ್ಚು ನಮ್ಮ ರಾಜ್ಯದ್ದು.

ಆದ್ರೆ ಅಡುಗೆಯವರಿಗೆ ಸಿಗೋದು ಸಂಬಳ ಅಲ್ಲ,
ಗೌರವಧನ.
ಇಷ್ಟು ಕೆಲಸಕ್ಕೆ ಅದು ಸಾಕಾ? ನೀವೇ ಹೇಳಿ.