ಕೋಳಿ ಕೂರುವ ಕೋಲು ಮತ್ತು ಕುಂಟುವ ಕೋಳಿ



ಹಸುವಿನ ಜೊತೆಗೆ ನಾಲ್ಕಾರು ಕೋಳಿ ಇಲ್ಲದ ಮನೆ ನಮ್ಮ ಹಳ್ಳಿಗಳಲ್ಲಿ ಕಡಿಮೆ. ಹಾಲಿನ ಬಟವಾಡೆ ಸಂಸಾರದ ಖರ್ಚಿಗೆ ಹೋದರೆ, ಮೊಟ್ಟೆ ಮತ್ತು ಕೋಳಿ ಮಾರಿದ ಹಣ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಉಳಿಯುತ್ತದೆ. ಆದರೆ ಹಸು ಕುಂಟಿದರೆ ಅದೇ ದಿನ ವೈದ್ಯರನ್ನು ಕರೆಯುವ ನಾವು, ಕೋಳಿ ಕುಂಟಿದರೆ ಮಸಾಲೆ ಅರೆಯುತ್ತೇವೆ.

ಕಳೆದ ಮಳೆಗಾಲದಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರಕ್ಕೆ ಹೋಗಿದ್ದಾಗ ಸದಸ್ಯೆಯೊಬ್ಬರು ಮಂಕರಿಯಲ್ಲಿ ಒಂದು ಗಿರಿರಾಜ ಹೇಂಟೆಯನ್ನು ತಂದರು. "ಡಾಕ್ಟ್ರೇ, ಇದಕ್ಕೆ ವಾತ ಬಡಿದಿದೆ, ಒಂದು ಇಂಜೆಕ್ಷನ್ ಕೊಡಿ. ಹೋದ ತಿಂಗಳು ಎರಡು ಹೀಗೇ ಕುಂಟಿದವು, ಕೊಯ್ದುಬಿಟ್ಟೆವು" ಎಂದರು. ಕೋಳಿಯ ಅಂಗಾಲು ತಿರುಗಿಸಿ ನೋಡಿದೆ. ನಡುವೆ ಗೋಲಿಯಷ್ಟು ದಪ್ಪದ ಬಾವು, ಅದರ ಮೇಲೆ ಕಪ್ಪು ಹಕ್ಕಳೆ. ರಾತ್ರಿ ಕೋಳಿಗಳು ಎಲ್ಲಿ ಕೂರುತ್ತವೆ ಎಂದು ಕೇಳಿದರೆ, ದನದ ಕೊಟ್ಟಿಗೆಯ ತೊಲೆಯ ಮೇಲೆ ಎಂದರು. ತೊಲೆ 8 ಅಡಿ ಎತ್ತರದಲ್ಲಿತ್ತು, ಕೆಳಗೆ ಕಲ್ಲು ಚಪ್ಪಡಿ. ಮೂರು ಕೋಳಿಗಳ ಕುಂಟಿಗೂ ಆ ತೊಲೆಯೇ ಕಾರಣವೆಂದು ಅವರಿಗೆ ವಿವರಿಸಿದೆ. ಅದನ್ನೇ ಇಲ್ಲಿ ಎಲ್ಲ ಸದಸ್ಯರಿಗಾಗಿ ಬರೆಯುತ್ತಿದ್ದೇನೆ.

ಎತ್ತರದಿಂದ ಆಗುವ ತೊಂದರೆ

ಸಂಜೆಯಾದೊಡನೆ ಎತ್ತರದಲ್ಲಿ ಹತ್ತಿ ಕೂರುವುದು ಕೋಳಿಯ ಹುಟ್ಟುಗುಣ. ನೆಲದ ಮೇಲಿನ ಶತ್ರುಗಳಿಂದ ತಪ್ಪಿಸಿಕೊಳ್ಳಲು ಕಾಡುಕೋಳಿಯ ಕಾಲದಿಂದ ಬಂದ ಅಭ್ಯಾಸ ಇದು. ಆದುದರಿಂದ ಕೂರಲು ಕೋಲು ಕೊಡಲೇಬೇಕು. ಕೊಡದಿದ್ದರೆ ತೊಲೆ, ಮರ, ಗೋದಲಿಯ ಅಂಚು, ಎಲ್ಲಿ ಸಿಕ್ಕಿದರೆ ಅಲ್ಲಿ ಕೂರುತ್ತವೆ.

ಹಗುರವಾದ ನಾಟಿ ಹೇಂಟೆ ರೆಕ್ಕೆ ಬಡಿದು ಮೆಲ್ಲಗೆ ಇಳಿಯಬಲ್ಲದು. ಆದರೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ರೂಪಿಸಿದ ಗಿರಿರಾಜದಂತಹ ತಳಿಗಳ ತೂಕ ನಾಟಿ ಕೋಳಿಯ ಎರಡರಷ್ಟು. ಆ ಭಾರಕ್ಕೆ ರೆಕ್ಕೆಯ ಬಲ ಸಾಲದು. ಎತ್ತರದಿಂದ ಹಾರಿದರೆ ಪೂರ್ತಿ ಭಾರ ಅಂಗಾಲಿನ ಮೇಲೆ ಬೀಳುತ್ತದೆ. ದಿನವೂ ಹೀಗೆ ಗಟ್ಟಿ ನೆಲಕ್ಕೆ ಬಿದ್ದರೆ ಅಂಗಾಲಿನ ಚರ್ಮ ಜಜ್ಜಿ ಬಿರಿಯುತ್ತದೆ. ಆ ಬಿರುಕಿನಿಂದ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯ ಒಳಸೇರಿ ಕೀವು ಕಟ್ಟುತ್ತದೆ. ಹಕ್ಕಿಯ ಕೀವು ದನದ ಕೀವಿನಂತೆ ಹರಿಯುವುದಿಲ್ಲ. ಗಿಣ್ಣಿನಂತೆ ಗಟ್ಟಿಯಾಗಿ ಒಳಗೇ ನಿಲ್ಲುತ್ತದೆ. ಇದಕ್ಕೆ ಬಂಬಲ್ ಫುಟ್ ಎನ್ನುತ್ತಾರೆ. ನಾವು ಅಂಗಾಲು ಬಾವು ಎನ್ನೋಣ.

ತೊಲೆಯ ಮೇಲೆ ಕೋಳಿ ಕೂರುವುದರಿಂದ ಹಸುವಿಗೂ ನಷ್ಟವಿದೆ. ಹಿಕ್ಕೆ ಗೋದಲಿಗೆ, ಮೇವಿಗೆ, ಹಸುವಿನ ಬೆನ್ನಿಗೆ ಬೀಳುತ್ತದೆ. ಬೆಳಗಿನ ಹಾಲು ಕರೆಯುವಾಗ ಪಾತ್ರೆಗೂ ಬೀಳಬಹುದು. ಹಾಲಿನ ಗುಣಮಟ್ಟ ಕೆಡಲು ಇಷ್ಟು ಸಾಕು.

ಕೋಲು ಹೇಗಿರಬೇಕು?

1. ಎತ್ತರ: ನಾಟಿ ಕೋಳಿಗೆ ನೆಲದಿಂದ 2 ಅಡಿ, ಗಿರಿರಾಜದಂತಹ ಭಾರದ ಕೋಳಿಗೆ 1ರಿಂದ ಒಂದೂವರೆ ಅಡಿ ಸಾಕು. ಎಲ್ಲ ಕೋಲುಗಳನ್ನೂ ಒಂದೇ ಎತ್ತರದಲ್ಲಿ ಕಟ್ಟಿ. ಏಣಿಯಂತೆ ಕಟ್ಟಿದರೆ ಮೇಲಿನ ಕೋಲಿಗಾಗಿ ಜಗಳವಾಡಿ ಒಂದನ್ನೊಂದು ತಳ್ಳುತ್ತವೆ.

2. ದಪ್ಪ: 2 ಇಂಚು ಅಗಲದ ಮರದ ರೀಪು ಉತ್ತಮ. ಮೇಲಿನ ಎರಡು ಅಂಚುಗಳನ್ನು ಬಡಗಿಯಿಂದ ಉಜ್ಜಿಸಿ ದುಂಡಗೆ ಮಾಡಿಸಿ. ತೀರ ಸಪೂರ ಕೋಲಿನ ಮೇಲೆ ಕೂತರೆ ಭಾರವೆಲ್ಲ ಅಂಗಾಲಿನ ಒಂದೇ ಜಾಗಕ್ಕೆ ಮತ್ತು ಎದೆ ಮೂಳೆಗೆ ಒತ್ತುತ್ತದೆ.

3. ಜಾಗ: ನಾಟಿ ಕೋಳಿಗೆ ತಲಾ 8 ಇಂಚು, ಭಾರದ ಕೋಳಿಗೆ 10 ಇಂಚು. ಎರಡು ಕೋಲುಗಳ ನಡುವೆ 1 ಅಡಿ, ಗೋಡೆಗೂ ಕೋಲಿಗೂ ನಡುವೆ ಸುಮಾರು 1 ಅಡಿ ಬಿಡಿ. ಮುಂದೆ ಇಳಿಯಲು 3–4 ಅಡಿ ತೆರವಾದ ಜಾಗ ಇರಲಿ.

4. ವಸ್ತು: ಅಡಿಕೆ ದಬ್ಬೆಯ ಸಿಬಿರು ಅಂಗಾಲಿಗೆ ಚುಚ್ಚುತ್ತದೆ, ಉಜ್ಜದೆ ಹಾಕಬೇಡಿ. ಬಿದಿರಿನ ಗಿಣ್ಣುಗಳನ್ನು ಸವರಿರಬೇಕು. ಪ್ಲಾಸ್ಟಿಕ್ ಪೈಪು ಮತ್ತು ಕಬ್ಬಿಣದ ಪೈಪು ಜಾರುತ್ತವೆ, ಕೋಳಿ ರಾತ್ರಿಯಿಡೀ ಬಿಗಿಹಿಡಿದು ಕೂರಬೇಕಾಗುತ್ತದೆ. ಮೊಳೆಯ ತಲೆ, ತಂತಿಯ ತುದಿ ಮೇಲೆ ಬಾರದಂತೆ ನೋಡಿ. ಕೋಲು ಅಲುಗಾಡಬಾರದು, ಉರುಳಬಾರದು.

5. ನೆಲ: ಕೋಲಿನ ಕೆಳಗೆ ಮತ್ತು ಮುಂದೆ 3–4 ಇಂಚು ಒಣ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಹರಡಿ. ಒದ್ದೆಯಾದ ಹೊಟ್ಟನ್ನು ಆಗಾಗ ತೆಗೆಯಿರಿ. ಒದ್ದೆಯಲ್ಲಿ ನಿಂತ ಅಂಗಾಲಿನ ಚರ್ಮ ಮೆತ್ತಗಾಗಿ ಬೇಗ ಬಿರಿಯುತ್ತದೆ.

6. ಮೊಟ್ಟೆ ಇಡುವ ಗೂಡು ಕೋಲಿಗಿಂತ ತಗ್ಗಿನಲ್ಲಿರಲಿ. ಗೂಡು ಎತ್ತರದಲ್ಲಿದ್ದರೆ ಕೋಳಿ ಅದರಲ್ಲೇ ಮಲಗಿ ಹೊಲಸು ಮಾಡುತ್ತದೆ.

ಕೋಲನ್ನು ಬಿಚ್ಚಿ ತೆಗೆಯುವಂತೆ ಕೂರಿಸುವುದು ಒಳ್ಳೆಯದು. ರಾತ್ರಿ ರಕ್ತ ಹೀರುವ ಕೆಂಪು ನುಸಿ ಹಗಲಿನಲ್ಲಿ ಕೋಲಿನ ಬಿರುಕು ಮತ್ತು ಸಂದುಗಳಲ್ಲಿ ಅಡಗಿರುತ್ತದೆ. ರಾತ್ರಿ ಹೊತ್ತು ಕೋಲಿನ ತಳಭಾಗವನ್ನು ಬಿಳಿ ಬಟ್ಟೆಯಿಂದ ಒರಸಿ ನೋಡಿ. ರಕ್ತದ ಕಲೆ ಬಿದ್ದರೆ ನುಸಿ ಇದೆಯೆಂದು ತಿಳಿಯಿರಿ. ಕೋಲಿಗೆ ಕುದಿಯುವ ನೀರು ಸುರಿದು ಬಿಸಿಲಿಗೆ ಒಣಗಿಸಿ, ಗೂಡಿಗೆ ಸುಣ್ಣ ಬಳಿಯಿರಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಕೋಳಿಗೂ ಗೂಡಿಗೂ ಹೊಡೆಯಲೇಬಾರದು.

ಪೆಟ್ಟನ್ನು ಗುರುತಿಸುವುದು ಹೇಗೆ?

ಕೋಳಿ ತನ್ನ ನೋವನ್ನು ಆದಷ್ಟು ಮುಚ್ಚಿಡುತ್ತದೆ. ನಮ್ಮ ಕಣ್ಣಿಗೆ ಕುಂಟು ಕಾಣುವ ಹೊತ್ತಿಗೆ ಪೆಟ್ಟು ಹಳೆಯದಾಗಿರುತ್ತದೆ. ಮೊದಲ ಸೂಚನೆ ಸಿಗುವುದು ಸಂಜೆ. ಎಲ್ಲ ಕೋಳಿಗಳೂ ಕೋಲು ಹತ್ತಿದ ಮೇಲೆ ನೆಲದಲ್ಲೇ ಉಳಿದ ಕೋಳಿ ಯಾವುದು ಎಂದು ನೋಡಿ. ಬೆಳಿಗ್ಗೆ ಕಾಳು ಎರಚಿದಾಗ ಕೊನೆಗೆ ಬರುವುದು, ಹಗಲಿನಲ್ಲಿ ಹೆಚ್ಚು ಹೊತ್ತು ಕೂತೇ ಇರುವುದು, ಕೋಲಿನ ಮೇಲೆ ರಕ್ತದ ಕಲೆ, ಇವೂ ಸೂಚನೆಗಳೇ.

ತಿಂಗಳಿಗೊಮ್ಮೆ ಎಲ್ಲ ಕೋಳಿಗಳನ್ನೂ ಪರೀಕ್ಷಿಸಿ. ಇದಕ್ಕೆ ಓಡಾಡಿಸಿ ಹಿಡಿಯಬೇಕಾಗಿಲ್ಲ. ಕತ್ತಲಾದ ಮೇಲೆ ಟಾರ್ಚು ಹಿಡಿದು ಹೋದರೆ ಕೋಳಿ ಸುಮ್ಮನಿರುತ್ತದೆ. ಎರಡೂ ಕೈಯಿಂದ ರೆಕ್ಕೆ ಸೇರಿಸಿ ಹಿಡಿದು ಎತ್ತಿ, ಇನ್ನೊಬ್ಬರು ಈ ಮೂರನ್ನು ನೋಡಲಿ:

ಅಂಗಾಲು – ಕೆಂಪಾಗಿ ಹೊಳೆಯುತ್ತಿದೆಯೇ, ಬಿಸಿಯಿದೆಯೇ, ಬಾವು ಅಥವಾ ಕಪ್ಪು ಹಕ್ಕಳೆ ಇದೆಯೇ?

ಬೆರಳು – ನೂಲು ಸುತ್ತಿದೆಯೇ? ಪಶು ಆಹಾರದ ಚೀಲ ಬಿಚ್ಚಿ ಎಸೆದ ಹೊಲಿಗೆ ನೂಲು, ಬಾಚಿ ಎಸೆದ ತಲೆಗೂದಲು ಬೆರಳಿಗೆ ಸುತ್ತಿಕೊಂಡು ರಕ್ತ ನಿಲ್ಲಿಸುತ್ತವೆ. ಬೆರಳು ಮೊದಲು ಊದಿ, ನಂತರ ಕಪ್ಪಾಗಿ ಉದುರಿಹೋಗುತ್ತದೆ.

ಎದೆ ಮೂಳೆ – ಹೆಬ್ಬೆರಳನ್ನು ಅದರ ಉದ್ದಕ್ಕೂ ಎಳೆಯಿರಿ. ಡೊಂಕು, ಗಂಟು ಅಥವಾ ನೀರು ತುಂಬಿದ ಬೊಬ್ಬೆ ಸಿಕ್ಕಿದರೆ ಕೋಲು ಸಪೂರವಾಗಿದೆ ಇಲ್ಲವೇ ಎತ್ತರ ಹೆಚ್ಚಾಗಿದೆ ಎಂದು ತಿಳಿಯಬಹುದು.

ಪ್ರಥಮ ಚಿಕಿತ್ಸೆ

ಅಂಗಾಲು ಬರೀ ಕೆಂಪಾಗಿದ್ದರೆ ಅಥವಾ ಸಣ್ಣ ಗಾಯವಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ 10 ನಿಮಿಷ ಅದ್ದಿಡಿ. ಒರಸಿ ಪೋವಿಡೋನ್ ಅಯೋಡಿನ್ ಹಚ್ಚಿ, ಶುಭ್ರ ಬಟ್ಟೆ ಸುತ್ತಿ. ದಿನಕ್ಕೊಮ್ಮೆ ಬದಲಾಯಿಸಿ. ಕೋಳಿಯನ್ನು ಒಣ ಹೊಟ್ಟಿನ ಮೇಲೆ ಬೇರೆ ಇಡಿ, ಕೋಲು ಬೇಡ. ಗಟ್ಟಿ ಬಾವು ಇದ್ದರೆ ಬ್ಲೇಡಿನಿಂದ ಕುಯ್ಯಬೇಡಿ. ಒಳಗಿನ ಕೀವು ಬೇರಿನಂತೆ ಆಳಕ್ಕೆ ಇಳಿದಿರುತ್ತದೆ, ವೈದ್ಯರೇ ತೆಗೆಯಬೇಕು. ಗಾಯ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಈ ರೋಗಾಣು ಮನುಷ್ಯರ ಗಾಯಕ್ಕೂ ಸೇರಬಲ್ಲದು.

ಉಗುರು ಮುರಿದು ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಒತ್ತಿಹಿಡಿಯಿರಿ. ಕಾಲು ಜೋತುಬಿದ್ದಿದ್ದರೆ ಮೂಳೆ ಮುರಿದಿರಬಹುದು. ಎಣ್ಣೆ ಹಚ್ಚಿ ನೀವಬೇಡಿ. ಬುಟ್ಟಿಯಲ್ಲಿ ಮುಚ್ಚಿಟ್ಟು ಆಸ್ಪತ್ರೆಗೆ ತನ್ನಿ. ಮನುಷ್ಯರ ಮಾತ್ರೆಯನ್ನು ಅರೆದು ಕುಡಿಸಬೇಡಿ. ವೈದ್ಯರು ಔಷಧಿ ಕೊಟ್ಟರೆ, ಎಷ್ಟು ದಿನ ಆ ಕೋಳಿಯ ಮೊಟ್ಟೆ ಮತ್ತು ಮಾಂಸ ಬಳಸಬಾರದು ಎಂದು ಕೇಳಿ ತಿಳಿಯಿರಿ.

ಎಲ್ಲ ಕುಂಟೂ ಪೆಟ್ಟಿನದಲ್ಲ

ಎರಡರಿಂದ ಐದು ತಿಂಗಳ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದಿದ್ದರೆ ಮಾರೆಕ್ಸ್ ರೋಗದ ಶಂಕೆ. ಕುತ್ತಿಗೆ ತಿರುಚುವುದು, ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು ಕಂಡರೆ ಕೊಕ್ಕರೆ ರೋಗವಿರಬಹುದು. ಇದನ್ನು ಲಸಿಕೆಯಿಂದ ತಡೆಯಬಹುದು. ಮೊಟ್ಟೆಯ ಸಿಪ್ಪೆ ತೆಳ್ಳಗಾಗಿ ಹೇಂಟೆ ಏಳಲಾರದಿದ್ದರೆ ಸುಣ್ಣದ ಅಂಶ ಕಡಿಮೆಯಾಗಿರಬಹುದು. ಕಪ್ಪೆಚಿಪ್ಪಿನ ಪುಡಿ ಕೊಡಬೇಕು. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಮುಟ್ಟದೆ, ಮಾರದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ತೊಲೆಯಿಂದ ಗೂಡಿಗೆ

ತೊಲೆಗೆ ಒಗ್ಗಿದ ಕೋಳಿ ತಾನಾಗಿ ಹೊಸ ಗೂಡಿಗೆ ಬರುವುದಿಲ್ಲ. ಕತ್ತಲಾದ ಮೇಲೆ ತೊಲೆಯಿಂದ ಇಳಿಸಿ ಹೊಸ ಕೋಲಿನ ಮೇಲೆ ಕೂರಿಸಿ, ಬಾಗಿಲು ಹಾಕಿ. ವಾರದವರೆಗೆ ಹೀಗೆ ಮಾಡಿದರೆ ರೂಢಿಯಾಗುತ್ತದೆ. ಬೆಕ್ಕು, ಮುಂಗುಸಿ ನುಗ್ಗದಂತೆ ಬಿಗಿಯಾದ ಬಾಗಿಲು ಮತ್ತು ಜಾಲರಿ ಅಗತ್ಯ. ತಗ್ಗಿನಲ್ಲಿ ಕೂರಿಸಿದ ಮೇಲೆ ರಕ್ಷಣೆ ನಮ್ಮ ಹೊಣೆ.

ಶಿಬಿರಕ್ಕೆ ಬಂದಿದ್ದ ಆ ಸದಸ್ಯೆ ಕೊಟ್ಟಿಗೆಯ ಪಕ್ಕದಲ್ಲಿ ಗೂಡು ಮಾಡಿಸಿ ಒಂದೂವರೆ ಅಡಿ ಎತ್ತರಕ್ಕೆ ರೀಪು ಹೊಡೆಸಿದರು. ಆಸ್ಪತ್ರೆಯಲ್ಲಿ ಬಾವು ತೆಗೆಸಿದ ಹೇಂಟೆ ಚೇತರಿಸಿಕೊಂಡು ಮತ್ತೆ ಮೊಟ್ಟೆ ಇಡುತ್ತಿದೆ. ಮೊದಲು ಕೊಯ್ದ ಎರಡು ಕೋಳಿಗಳನ್ನು ನೆನೆದು ಅವರು ಈಗಲೂ ಪೇಚಾಡುತ್ತಾರೆ.

ಇಂದು ರಾತ್ರಿ ಟಾರ್ಚು ಹಿಡಿದು ಒಮ್ಮೆ ನಿಮ್ಮ ಕೊಟ್ಟಿಗೆಯ ತೊಲೆಯತ್ತ ನೋಡಿ. ಕೋಳಿಗಳು ಅಲ್ಲೇ ಕೂತಿದ್ದರೆ ನಾಳೆಯೇ ಒಂದು ರೀಪು ತನ್ನಿ. ಸಂಶಯವಿದ್ದಲ್ಲಿ ಹತ್ತಿರದ ಪಶು ವೈದ್ಯರನ್ನು ಕಾಣಿರಿ.