ನಿಮಗಿದು ಗೊತ್ತೆ? ಗಾಡೊ-ಗಾಡೊದ ಜೀವಾಳ ಶೇಂಗಾ ಸಾರು

ಇಂಡೊನೇಷ್ಯಾದ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಐದು ತಿನಿಸುಗಳನ್ನು ರಾಷ್ಟ್ರೀಯ ಖಾದ್ಯಗಳೆಂದು ಹೆಸರಿಸಿತು. ಸೋತೊ, ರೆಂಡಾಂಗ್, ಸಾತೆ, ನಾಸಿ ಗೊರೆಂಗ್‌ಗಳ ಸಾಲಿನಲ್ಲಿ ಜಾಗ ಪಡೆದ ತರಕಾರಿ ಸಲಾಡ್ ಗಾಡೊ-ಗಾಡೊ ಒಂದೇ.

ಬೇಯಿಸಿದ ಆಲೂಗಡ್ಡೆ, ಅಲಸಂದೆಕಾಯಿ, ಎಲೆಕೋಸು, ಬಿಸಿನೀರಲ್ಲಿ ಅದ್ದಿ ತೆಗೆದ ಮೊಳಕೆಕಾಳು, ಹಸಿ ಸೌತೆಕಾಯಿ, ಕರಿದ ತೋಫು, ಸೋಯಾ ಕಾಳನ್ನು ಹುದುಗಿಸಿ ಮಾಡಿದ ಟೆಂಪೆ, ಮೊಟ್ಟೆ ಇವೆಲ್ಲ ತಟ್ಟೆಗೆ ಬರುತ್ತವೆ. ಆದರೆ ರುಚಿಯ ಭಾರ ಹೊರುವುದು ಶೇಂಗಾ. ದಕ್ಷಿಣ ಅಮೆರಿಕ ಮೂಲದ ಈ ಬೀಜ ಯುರೋಪಿನ ಹಡಗುಗಳ ಮೂಲಕ ಏಷ್ಯಾಕ್ಕೆ ಬಂದದ್ದು.

ಜಕಾರ್ತಾದ ಬೀದಿ ಅಂಗಡಿಗಳಲ್ಲಿ ಗಿರಾಕಿ ಕೇಳಿದ ಮೇಲೆಯೇ ಅಗಲವಾದ ಕಲ್ಲಿನ ತಟ್ಟೆಯ ಮೇಲೆ ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು, ಅದರಲ್ಲೇ ತರಕಾರಿ ಕಲಸಿ ಕೊಡುತ್ತಾರೆ. ಖಾರ ಎಷ್ಟೆಂಬುದು ತಿನ್ನುವವರ ಮರ್ಜಿ. ಸುರಬಾಯಾ ಕಡೆ ಮೊದಲೇ ಕುದಿಸಿಟ್ಟ ಸಾರನ್ನು ಮೇಲೆ ಸುರಿಯುವ ರೂಢಿಯಿದೆ.

ಮನೆಯಲ್ಲಿ ಮಾಡುವುದೂ ಸುಲಭ. ಒಂದು ಬಟ್ಟಲು ಶೇಂಗಾ ಹುರಿದು, ಎಣ್ಣೆಯಲ್ಲಿ ಬಾಡಿಸಿದ ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ ಸೇರಿಸಿ ತರಿತರಿಯಾಗಿ ರುಬ್ಬಿ. ನುಣ್ಣಗಾದರೆ ಸೊಗಸು ಕಡಿಮೆ. ನೀರು, ಹುಣಸೆ ರಸ, ಉಪ್ಪು, ತಾಳೆ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಿರಿ. ಅಂಚಿನಲ್ಲಿ ಎಣ್ಣೆ ಬಿಡುವಾಗ ಇಳಿಸಿ. ಮಾಮೂಲಿ ಬೆಲ್ಲವೂ ನಡೆಯುತ್ತದೆ.

ಸಸ್ಯಾಹಾರಿಗಳು ಹೊರಗೆ ತಿನ್ನುವಾಗ ವಿಚಾರಿಸಲೇಬೇಕು: ಸಾರಿಗೆ ‘ತರಾಸಿ’ ಎಂಬ ಸೀಗಡಿ ಪೇಸ್ಟ್ ಬೆರೆಸುವುದುಂಟು, ಮೇಲಿನ ಗರಿಗರಿ ಹಪ್ಪಳವೂ ಎಷ್ಟೋ ಸಲ ಸೀಗಡಿಯದೇ. ಇದೇ ಸಾರನ್ನು ಹೋಲುವ ಗೊಜ್ಜಿಗೆ ಹಸಿ ತರಕಾರಿ ಕಲಸಿದರೆ ಪಶ್ಚಿಮ ಜಾವಾದ ‘ಕರೆಡೋಕ್’ ಸಿದ್ಧ.